ಗಾಜಿನ ಅಲಮಾರಿಯೊಳಗಿನ ಕಾಲು

ಮಕ್ತುಂಬೀಯ ಗಂಡನ ಎಡಗಾಲು ಸಿಂಧನೂರಿನ ಸೇವಾ ಸಂಘದ ಆಫೀಸಿನಲ್ಲಿ, ಗಾಜಿನ ಅಲಮಾರಿಯೊಳಗೆ ನಿಂತಿತ್ತು. ಅದರ ಕೊರಳಿಗೆ, ಕಾಲಿಗೆ ಕೊರಳೆಲ್ಲಿಂದ ಬರಬೇಕು, ಮೊಣಕಾಲು ಸೇರುವ ಬಟ್ಟಲಿನ ಅಂಚಿಗೆ ಒಂದು ಚೆಂಡುಹೂವಿನ ಮಾಲೆ ಹಾಕಿದ್ದರು. ಹೂವು ಒಣಗಿ ಕಂದಾಗಿ ಎಷ್ಟೋ ದಿನವಾಗಿತ್ತು. ಬಲಕ್ಕೆ ಕಬಡ್ಡಿ ಪಂದ್ಯದ ಹಿತ್ತಾಳೆ ಕಪ್ಪು, ಎಡಕ್ಕೆ ಕಾಗದದ ಬಾವುಟ ಸಿಗಿಸಿದ ಗಾಜಿನ ಲೋಟ. ನಡುವೆ ಕಾಲು. ಐದು ಬೆರಳು, ಬೆರಳಿಗೆ ಉಗುರಿನ ಗೀರು, ಗೋದಿ ಬಣ್ಣದ ರಬ್ಬರಿನ ಪಾದ.

ಚಿಕ್ಕವಳಿದ್ದಾಗ ಮಕ್ತುಂಬೀ ನಾನಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಕಥೆಗಳಲ್ಲೊಬ್ಬ ರಾಕ್ಷಸನಿದ್ದ. ಅವನ ಜೀವ ಅವನ ಮೈಯೊಳಗೆ ಇರುತ್ತಿರಲಿಲ್ಲ. ಏಳು ಸಮುದ್ರ ದಾಟಿ, ಏಳು ಕೋಟೆ ದಾಟಿ, ಒಂದು ಪಂಜರದೊಳಗಿನ ಗಿಳಿಯ ಹೊಟ್ಟೆಯಲ್ಲಿ ಇರುತ್ತಿತ್ತು. "ಯಾಕ ನಾನಿ, ಅಷ್ಟು ದೂರ ಯಾಕ ಇಟ್ಟಾನ?" ಎಂದು ಇವಳು ಕೇಳಿದರೆ, "ಹತ್ರ ಇಟ್ರ ಮಂದಿ ಕಸ್ಕೋತಾರ ಬೇಟಾ" ಎನ್ನುತ್ತಿದ್ದಳು ನಾನಿ, ಎಲೆ ಅಡಿಕೆ ಕುಟ್ಟುತ್ತ. ಈಗ ಗಾಜಿನಾಚೆ ನಿಂತ ಕಾಲನ್ನು ನೋಡುವಾಗ ಮಕ್ತುಂಬೀಗೆ ಆ ಮಾತು ನೆನಪಾಗಿ ಹಲ್ಲು ಕಡಿಯುವಂತಾಗುತ್ತಿತ್ತು. ತನ್ನ ಗಂಡ ರಾಕ್ಷಸನಲ್ಲ. ತನ್ನ ಕಾಲನ್ನು ಅವನಾಗಿ ಎಲ್ಲೂ ಬಚ್ಚಿಟ್ಟವನಲ್ಲ. ನಡುವೆ ಸಮುದ್ರವೂ ಇಲ್ಲ, ಕೋಟೆಯೂ ಇಲ್ಲ. ಬೆರಳುದ್ದದ ಒಂದು ಬೀಗ ಇತ್ತು, ಅಷ್ಟೆ.

ಪೀರ್‌ಸಾಬ್ ಬಳಗಾನೂರಿನವನು. ಹದಿನೇಳು ವರ್ಷ ಫೌಜಿನಲ್ಲಿದ್ದ. ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಚಹದಂಗಡಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರನ ತನಕ ಎಲ್ಲರಿಗೂ ಅವನು ಮಿಲ್ಟ್ರಿ ಪೀರಣ್ಣ. ಎಂಬತ್ತೇಳರಲ್ಲಿ ಅವನ ಪಲ್ಟಣವನ್ನು ಲಂಕೆಗೆ ಕಳಿಸಿದರು. ಹೋದ ಮೂರನೆಯ ತಿಂಗಳಿಗೆ, ಒಂದು ತಾಳೆಮರಗಳ ದಾರಿಯಲ್ಲಿ, ನೆಲದೊಳಗೆ ಹುಗಿದಿದ್ದ ಬಾಂಬು ಅವನ ಎಡಗಾಲನ್ನು ಮೊಣಕಾಲಿನ ಕೆಳಗಿನಿಂದ ಕಿತ್ತುಕೊಂಡಿತು. ಫೌಜಿನ ದವಾಖಾನೆಯಲ್ಲಿ ಅವನಿಗೊಂದು ಕಾಲು ಮಾಡಿ, ಅದಕ್ಕೊಂದು ಬೂಟು ತೊಡಿಸಿ ಊರಿಗೆ ಕಳಿಸಿಕೊಟ್ಟರು. ಒಳ್ಳೆಯ ಕಾಲೇ. ಆದರೆ ಅದು ಪರೇಡು ಮೈದಾನಕ್ಕೆ ಹುಟ್ಟಿದ ಕಾಲು, ಕಾಲುವೆ ನೀರಿನ ಊರಿನ ಕೆಸರಿಗಲ್ಲ. ಎರಡನೆಯ ವರ್ಷದ ಸುಗ್ಗಿಯಲ್ಲಿ, ಗದ್ದೆಯ ಬದುವಿನ ಮೇಲೆ, ಕಣಕಾಲಿನ ಹತ್ತಿರ ಸೀಳಿ ಎರಡಾಯಿತು. ಹೊಸದಕ್ಕೆ ಅರ್ಜಿ ಬರೆದು ಹಾಕಿ, ಉತ್ತರದ ದಾರಿ ಕಾಯುತ್ತ, ಕಂಕುಳಿಗೆ ಕೋಲು ಕೊಟ್ಟುಕೊಂಡು ಪೀರ್‌ಸಾಬ್ ಪಡಸಾಲೆಯಲ್ಲಿ ಕೂತ. ಕೂತವನು ಕೂತೇ ಬಿಟ್ಟ. ಮಾತು ಕಡಿಮೆಯಾಯಿತು. ಮಧ್ಯಾಹ್ನವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಕಾಲಿನಂತೆ ಈ ಮನುಷ್ಯನೂ ಕಟ್ಟಿಗೆಯಾಗುತ್ತಿದ್ದಾನೆ ಎಂದು ಮಕ್ತುಂಬೀಗೆ ಹೆದರಿಕೆ ಹತ್ತಿತು.

ಅವಳೇ ಅವನನ್ನು ಎಬ್ಬಿಸಿ ಬಸ್ಸು ಹತ್ತಿಸಿದಳು.

ಮೊದಲು ಲಿಂಗಸುಗೂರಿಗೆ, ಮಾಜಿ ಸೈನಿಕರು ಕೂಡಿ ಕಟ್ಟಿಕೊಂಡಿದ್ದ ಬಳಗಕ್ಕೆ. ಅವರು ಖುಷಿಯಾಗಿ ಎದ್ದು ನಿಂತು, ಚಹ ತರಿಸಿ, ಯಾವ ಪಲ್ಟಣ, ಯಾವ ಸಾಹೇಬರು ಎಂದೆಲ್ಲ ವಿಚಾರಿಸಿದರು. ಕಾಲಿನ ಮಾತು ಬಂದಾಗ ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡ. "ನಮ್ಮದು ಕಾಗದದ ಕೆಲಸ ತಮ್ಮಾ, ಕಾಲಿಂದಲ್ಲ. ಆದ್ರೂ ಬಂದೀ, ಬರಿಗೈಲೆ ಕಳಿಸಿದ್ರ ನಮಗ ಶೋಭಾ ಅಲ್ಲ" ಎಂದು ಅಲ್ಲಿಯೇ ಒಂದು ಕೆಂಪು ಜರಿಯಂಚಿನ ಶಾಲು ತರಿಸಿ ಹೊದಿಸಿದ. ಫೋಟೋ ತೆಗೆದರು.

ಆಮೇಲೆ ಮಸ್ಕಿಯ ಜಮಾತಿನ ಹಿರಿಯರ ಹತ್ತಿರ. ಗಡ್ಡಕ್ಕೆ ಮೆಹಂದಿ ಹಚ್ಚಿದ ದಸ್ತಗೀರ್‌ಸಾಬ್ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ನೋಡಪಾ, ನೀ ಸರಕಾರದ ಮನಷ್ಯಾ. ನಿನ್ನ ಕಾಲು ತಗೊಂಡದ್ದು ಸರಕಾರ, ಕೊಡಾಕೂ ಅದ ಬೇಕು. ನಾವು ದಿಕ್ಕಿಲ್ಲದವರನ್ನ ನೋಡೋರು. ನಿನಗ ದೇಶಾನ ದಿಕ್ಕೈತಿ." ಅಲ್ಲೊಂದು ಹಸಿರು ಶಾಲು. ಫೋಟೋ.

ತಮ್ಮೂರಿನ ಯುವಕ ಮಂಡಳಿ ಮಾತ್ರ ಕೇಳದೆಯೇ ಬಂತು. ರಾಜ್ಯೋತ್ಸವದ ದಿನ ಶಾಲೆಯ ಅಂಗಳದಲ್ಲಿ ಕೂರಿಸಿ, ಹಳದಿ ಶಾಲು ಹೊದಿಸಿ, "ನಮ್ಮೂರ ಹುಲಿ" ಎಂದು ಭಾಷಣ ಮಾಡಿತು. ಭಾಷಣ ಮುಗಿದ ಮೇಲೆ ಹುಲಿಯನ್ನು ಮನೆಗೆ ಕರೆದೊಯ್ಯಲು ಯಾರೂ ಇರಲಿಲ್ಲ. ಮಕ್ತುಂಬೀ ಅವನ ತೋಳು ಹಿಡಿದು, ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಇಡುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಬಂದಳು.

ಟ್ರಂಕಿನಲ್ಲಿ ಮೂರು ಶಾಲು. ಕಾಲು ಒಂದೇ.

ಇಷ್ಟಾಗುವ ಹೊತ್ತಿಗೆ ಊರ ಹೊರಗಿನ ಅಕ್ಕಿ ಗಿರಣಿಯ ಶಿವಶರಣಪ್ಪ ಒಂದು ಮಾತು ಕಳಿಸಿದ. ಗಿರಣಿಗೆ ಒಬ್ಬ ಕಾವಲುಗಾರ ಬೇಕಾಗಿದ್ದ. ಗೇಟಿನಲ್ಲಿ ನಿಲ್ಲುವುದು, ಒಳಗೆ ಬರುವ ಟ್ರ್ಯಾಕ್ಟರು, ಚಕ್ಕಡಿ ನೋಡಿಕೊಳ್ಳುವುದು. ಅದಕ್ಕಿಂತ ಮುಖ್ಯವಾಗಿ, ಕುದಿಸಿದ ಭತ್ತ ಹರವಿದ ದೊಡ್ಡ ಅಂಗಳದಲ್ಲಿ ದಿನವಿಡೀ ಅಡ್ಡಾಡಿ ಹಂದಿ, ಮೇಕೆ, ಹಕ್ಕಿ ಓಡಿಸುವುದು. ಆ ಅಂಗಳಕ್ಕೆ ಒಂದು ಕಟ್ಟಳೆ ಇತ್ತು. ಹರವಿದ ಭತ್ತದ ಮೇಲೆ ಯಾರೂ ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲ. ನಲ್ಲಿಯಲ್ಲಿ ಪಾದ ತೊಳೆದು, ಬರಿಗಾಲಲ್ಲೇ ಇಳಿಯಬೇಕು. ಮಾಲೀಕನಾದರೂ ಅಷ್ಟೆ, ಹಮಾಲಿಯಾದರೂ ಅಷ್ಟೆ.

"ಮಿಲ್ಟ್ರಿ, ನಿನ್ನಂಥಾ ಕಾವಲುಗಾರ ನನಗೆಲ್ಲಿ ಸಿಗಬೇಕು?" ಎಂದ ಶಿವಶರಣಪ್ಪ. "ಆದ್ರ ನಿನ್ನ ಕೋಲು ನೆಲ್ಲಾಗ ಇಳೀತೈತಿ. ತುದಿಗೆ ರಬ್ಬರ್ ಐತಿ ಅಂತೀ, ಖರೆ. ಅದು ಬೀದ್ಯಾಗ ಊರಿ ಬಂದ ರಬ್ಬರಲ್ಲೇನು? ನಮ್ಮವ್ವ ನೋಡಿದ್ಲಂದ್ರ ಮೊದ್ಲು ನನ್ನ ಹೊರಗ ಹಾಕ್ತಾಳ. ಯುಗಾದಿ ಚಂದ್ರ ನೋಡಿದ ಮರುದಿನ ಆಳು ಬದಲಾಗ್ತಾರ. ಅಷ್ಟರಾಗ ಎರಡು ಕಾಲ ಮ್ಯಾಲ ಬಾ, ಜಾಗಾ ನಿಂದು. ಬರಲಿಲ್ಲಂದ್ರ ಬ್ಯಾರೆಯವ ಕೂಡ್ತಾನ. ಮತ್ತ ಮುಂದಿನ ಯುಗಾದಿಗೇ ಮಾತು."

ಅಂದು ರಾತ್ರಿ ಪೀರ್‌ಸಾಬ್ ಗೋಡೆಯ ಕಡೆ ತಿರುಗಿ ಮಲಗಲಿಲ್ಲ. ಅಂಗಾತ ಮಲಗಿ, ಗಿರಣಿಯ ಅಂಗಳಕ್ಕೆ ಎಷ್ಟು ಮೂಲೆ, ಹಂದಿ ಯಾವ ಮೂಲೆಯಿಂದ ನುಗ್ಗುತ್ತದೆ, ಎಲ್ಲಿ ನಿಂತರೆ ನಾಲ್ಕೂ ಕಡೆ ಕಾಣುತ್ತದೆ ಎಂದು ಹೆಂಡತಿಗೆ ವಿವರಿಸಿದ. ಗಡಿ ಕಾಯುವವನಂತೆ ಮಾತಾಡಿದ. ಮಕ್ತುಂಬೀ ಕತ್ತಲಲ್ಲಿ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು.

ದಾರಿಯೂ ತೆರೆದುಕೊಂಡಿತು. ಡಿಸೆಂಬರಿನಲ್ಲಿ ಸಿಂಧನೂರಿನ ಸೇವಾ ಸಂಘದವರು ಜೈಪುರದ ಕಾಲಿನ ಶಿಬಿರ ಮಾಡಿದರು. ಬೂಟಿನ ಕಾಲಲ್ಲ, ಬೆರಳಿರುವ ಬರಿಗಾಲು. ಕುಕ್ಕರಗಾಲಲ್ಲಿ ಕೂರಲು ಬರುತ್ತದೆ, ನೀರಿಗೆ ಇಳಿಯಲು ಬರುತ್ತದೆ, ತೊಳೆದುಕೊಳ್ಳಲು ಬರುತ್ತದೆ. ದೇವರೇ ಆ ಗಿರಣಿಯ ಅಂಗಳಕ್ಕೆಂದು ಮಾಡಿಸಿದ ಹಾಗಿತ್ತು. ಅಳತೆ ತೆಗೆದವನು ಹಿಂದಿ ಮಾತಿನವನು. ಮೋಟುಗಾಲಿಗೆ ಸುಣ್ಣದ ಪಟ್ಟಿ ಸುತ್ತಿ ಅಚ್ಚು ತೆಗೆದುಕೊಳ್ಳುತ್ತ ಅವನು ಹೇಳಿದ್ದು ಮಕ್ತುಂಬೀಗೆ ಅವಳ ಮನೆಮಾತು ದಖನಿಯಿಂದಲೇ ತಿಳಿಯಿತು: ಕಾಲು ಕೈಗೆ ಬಂದ ದಿನವೇ ತೊಡಬೇಕು, ದಿನಾ ನಡೆಯಬೇಕು. ಸುಮ್ಮನೆ ಬಿಟ್ಟರೆ ಮೋಟುಗಾಲು ಸೊರಗುತ್ತದೆ. ಆಮೇಲೆ ಬಟ್ಟಲು ಸಡಿಲಾಗುತ್ತದೆ.

ಕಾಲುಗಳು ಜನವರಿ ಇಪ್ಪತ್ತಾರಕ್ಕೆ ಬರಬೇಕಿತ್ತು. ಲಾರಿ ತಡವಾಗಿ ಇಪ್ಪತ್ತೆಂಟಕ್ಕೆ ಬಂದವು. ಆ ಎರಡು ದಿನ ಮಕ್ತುಂಬೀಯ ಸಂಸಾರದ ಮೇಲೆ ಕಲ್ಲಾಗಿ ಬಿದ್ದವು.

ಸಂಘದ ಅಧ್ಯಕ್ಷ ಅಮರೇಗೌಡ ಗೊಬ್ಬರದ ಅಂಗಡಿಯ ಮಾಲೀಕ. ಮನುಷ್ಯ ಕೆಟ್ಟವನೆಂದು ಮಕ್ತುಂಬೀ ಯಾವತ್ತೂ ಹೇಳಲಿಲ್ಲ. ಊರೂರು ತಿರುಗಿ ಕಾಲಿಲ್ಲದವರನ್ನು ಹುಡುಕಿ ತಂದವನು ಅವನೇ. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸುತ್ತಿತ್ತು. ಕೆಟ್ಟವನನ್ನು ಬೈದು ಬರಬಹುದು. ಉಪಕಾರ ಮಾಡಿದವನ ಮುಂದೆ ಬಾಯಿ ಕಟ್ಟುತ್ತದೆ.

ಫೆಬ್ರವರಿಯ ಒಂದು ಮುಂಜಾನೆ ಎಲ್ಲರನ್ನೂ ಕರೆಸಿ, ವೇದಿಕೆಯಿಲ್ಲದೆ, ಆಫೀಸಿನ ಕಟ್ಟೆಯ ಮೇಲೆಯೇ ಕಾಲು ಹಂಚಿದರು. ರಾಶಿ ಯಂತ್ರಕ್ಕೆ ಕಾಲು ಕೊಟ್ಟಿದ್ದ ಗೊರೇಬಾಳದ ಯಮನಮ್ಮ ತನ್ನದನ್ನು ತೊಟ್ಟು, ಬಿದ್ದು, ಎದ್ದು, ನಗುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದೇ ಹೋದಳು. ಕೊನೆಗೆ ಪೀರ್‌ಸಾಬ್‌ನ ಸರದಿ. ಅವನು ಪ್ಯಾಂಟಿನ ಎಡಗಾಲು ಮಡಚಿ ಸಿದ್ಧವಾಗಿ ಕೂತಿದ್ದ. ಅಮರೇಗೌಡ ಅಡ್ಡ ಕೈ ಹಿಡಿದ.

"ಸೈನಿಕರದು ಬ್ಯಾರೆ. ಇವರನ್ನ ಹಿಂಗ ಕಟ್ಟಿ ಮ್ಯಾಲ ಕುಂದ್ರಿಸಿ ಕೊಟ್ರ ನಮ್ಮ ಸಂಘಕ್ಕ ಮರ್ಯಾದಿ ಏನು? ಇಪ್ಪತ್ತಾರಕ್ಕ ತಪ್ಪಿತು. ಆಗಸ್ಟ್ ಹದಿನೈದಕ್ಕ ತಪ್ಪಸಾಂಗಿಲ್ಲ. ದೊಡ್ಡ ಸ್ಟೇಜ್ ಹಾಕಸ್ತೀವಿ, ದೊಡ್ಡವರನ್ನ ಕರಸ್ತೀವಿ. ಅಲ್ಲೀತನಕ ಕಾಲು ನಮ್ಮ ಅಲಮಾರ್‍ಯಾಗ ಜ್ವಾಪಾನ ಇರ್ತೈತಿ."

ಪೀರ್‌ಸಾಬ್ ಕೋಲೂರಿ ಎದ್ದು, ಹಣೆಗೆ ಕೈಯಿಟ್ಟು ಸೆಲ್ಯೂಟು ಹೊಡೆದು, "ಜೀ ಸಾಬ್" ಎಂದ.

ಬಸ್ಸಿನಲ್ಲಿ ಮಕ್ತುಂಬೀ ಸುಮ್ಮನೆ ಕೂರಲಿಲ್ಲ. "ನಿಮ್ಮ ಕಾಲು ಅವರ ಅಲಮಾರ್‍ಯಾಗ ಇಟ್ಟು, ಮ್ಯಾಲ ಸಲಾಮು ಹೊಡದು ಬಂದ್ರೇನ್ರೀ?"

"ದೊಡ್ಡವರು ಹುಕುಂ ಮಾಡಿದಾಗ ಎದುರು ಮಾತಾಡಬಾರದು."

"ಅವ ಯಾವ ಜನರಲ್ ಅದಾನ? ಯೂರಿಯಾ ಮಾರೋವ!"

ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಪೀರ್‌ಸಾಬ್ ಕಿಟಕಿಯ ಕಡೆ ಮುಖ ಮಾಡಿದ. ಹೊರಗೆ ಕಾಲುವೆಯ ನೀರು ಹಸಿರು ಗದ್ದೆಗಳ ನಡುವೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಎರಡನೆಯ ಸಲ ಅವಳೊಬ್ಬಳೇ ಹೋದಳು. "ಐದಾರು ತಿಂಗಳು ಏನು ದೊಡ್ಡದವ್ವಾ? ದೇಶಕ್ಕಾಗಿ ಹದಿನೇಳು ವರ್ಷ ಕೊಟ್ಟಾನ" ಎಂದ ಅಮರೇಗೌಡ. ಮೂರನೆಯ ಸಲ ಗಿರಣಿಯ ಕೆಲಸದ ಮಾತು ಹೇಳಿದಳು. "ನಾ ಶಿವಶರಣಪ್ಪಗ ಹೇಳ್ತೀನಿ ಬಿಡು, ಕಾಯ್ತಾನ" ಎಂದ. ಹೇಳಲಿಲ್ಲ. ಬರುವಾಗ ಆಫೀಸು ಗುಡಿಸುವ ಆದಮ್ಮ ಅವಳನ್ನು ಬಾಗಿಲ ಮರೆಗೆ ಕರೆದು ಪಿಸುಗುಟ್ಟಿದಳು:

"ನಮ್ಮವ್ವಾ, ನನ್ನ ಗಂಡನ ಕಾಲು ಒಂದಿನಾನೂ ಒತ್ತಿದಾಕಿ ಅಲ್ಲ ನಾ. ನಿನ್ನ ಗಂಡನ ಕಾಲು ದಿನಾ ಮುಂಜಾನಿ ಒರಸ್ತೀನಿ ನೋಡು. ಬೆರಳಸಂದ್ಯಾಗೂ ಧೂಳ ಬಿಡಬ್ಯಾಡ ಅಂತಾರ ಗೌಡ್ರು. ಇದೇನು ಸೇವಾನೋ ನನಗಂತೂ ತಿಳೀವಲ್ದು."

ಮಕ್ತುಂಬೀ ದಿನಾ ಬೆಳಿಗ್ಗೆ ಗಂಡನ ಮೋಟುಗಾಲಿಗೆ ಎಣ್ಣೆ ಹಚ್ಚಿ ಬಟ್ಟೆಯ ಪಟ್ಟಿ ಸುತ್ತುತ್ತಿದ್ದಳು. ಡಿಸೆಂಬರಿನಲ್ಲಿ ಅದೇ ಪಟ್ಟಿ ಆರು ಸುತ್ತಿಗೆ ಮುಗಿಯುತ್ತಿತ್ತು. ಮಾರ್ಚಿ ಬರುವ ಹೊತ್ತಿಗೆ ಎಂಟು ಸುತ್ತು ಬಂದು, ಇನ್ನೂ ನಾಲ್ಕು ಬೆರಳು ಉಳಿಯುತ್ತಿತ್ತು. ಅವಳು ಅದನ್ನು ಗಂಡನಿಗೆ ಹೇಳಲಿಲ್ಲ. ಉಳಿದ ತುದಿಯನ್ನು ಒಳಗೆ ಸಿಕ್ಕಿಸಿ ಎದ್ದುಬಿಡುತ್ತಿದ್ದಳು. ಒಲೆಯ ಮುಂದೆ ಕೂತರೆ ಎದೆಯೊಳಗಿನ ಬೆಂಕಿ ಹೆಚ್ಚೋ ಒಲೆಯದು ಹೆಚ್ಚೋ ತಿಳಿಯುತ್ತಿರಲಿಲ್ಲ.

ಆ ವರ್ಷ ಯುಗಾದಿಯ ಚಂದ್ರನೇ ರಂಜಾನಿನ ಚಂದ್ರ. ಹಿಂದೂಗಳ ಮನೆಯವರೂ ಮುಸಲ್ಮಾನರ ಮನೆಯವರೂ ಒಂದೇ ಸಂಜೆ ಒಂದೇ ಆಕಾಶಕ್ಕೆ ಕತ್ತು ಎತ್ತಬೇಕಿತ್ತು. ಚಹದಂಗಡಿಯ ರೇಡಿಯೋದಲ್ಲಿ ಲಂಕೆಯಿಂದ ನಮ್ಮ ಫೌಜಿನ ಕೊನೆಯ ಹಡಗೂ ಹೊರಟು ಬಂತೆಂದು ಸುದ್ದಿ ಬಂದು ನಾಲ್ಕು ದಿನವಾಗಿತ್ತು. ಪೀರ್‌ಸಾಬ್ ಆ ಸುದ್ದಿ ಕೇಳಿ ಚಹದ ಲೋಟ ಕೆಳಗಿಟ್ಟು ಕೋಲೂರಿ ಎದ್ದ. ಉಳಿದವರೆಲ್ಲ ವಾಪಸು ಬಂದರು, ಅವನ ಕಾಲೊಂದು ಅಲ್ಲೇ ಉಳಿಯಿತು. ಇನ್ನೊಂದು ಸಿಂಧನೂರಿನಲ್ಲಿ ಉಳಿದಿತ್ತು.

ಚಂದ್ರ ನೋಡುವ ದಿನದ ಮಧ್ಯಾಹ್ನ ಮಕ್ತುಂಬೀ ಟ್ರಂಕು ತೆರೆದು ಲಿಂಗಸುಗೂರಿನ ಕೆಂಪು ಶಾಲು ತೆಗೆದು ಗಂಡನ ಹೆಗಲಿಗೆ ಹಾಕಿದಳು. "ನಡ್ರಿ. ಇದನ್ನ ನೋಡಿಯಾದ್ರೂ ಮರ್ಯಾದಿ ಬರ್ತೈತೇನೋ ನೋಡೂನು."

ಅಮರೇಗೌಡ ಹಬ್ಬದ ಹೊಸ ಧೋತರ ಉಟ್ಟು ಆಫೀಸಿನಲ್ಲಿ ಕೂತಿದ್ದ. ಇವರನ್ನು ಕಂಡು ಮುಖ ಅರಳಿಸಿದ. "ಬಾ ಬಾ ಮಿಲ್ಟ್ರಿ, ನಿನ್ನ ವಿಚಾರನ ಮಾಡಾಕತ್ತಿದ್ದೆ. ಅಲ್ನೋಡು!" ಗೋಡೆಯ ಮೇಲೆ ಹಳೆಯ ಅಧ್ಯಕ್ಷರ ಫೋಟೋಗಳ ಸಾಲಿನ ಕೊನೆಗೆ ಬರಿ ಮೊಳೆಯೊಂದು ಹೊಡೆದಿತ್ತು. "ಅದು ನಿನ್ನ ಫೋಟೋದ ಜಾಗಾ."

ಆ ಮೂಲೆಯಲ್ಲಿ ಆದಮ್ಮ ಅಲಮಾರಿಯ ಬೀಗ ತೆಗೆದು, ಬಾಗಿಲು ಪೂರ್ತಿ ತೆರೆದಿಟ್ಟು, ಹಿತ್ತಾಳೆಯ ಕಪ್ಪನ್ನು ಸೆರಗಿಗೆ ಉಜ್ಜುತ್ತಿದ್ದಳು.

"ಗೌಡ್ರ," ಮಕ್ತುಂಬೀ ದನಿ ತಗ್ಗಿಸಿಯೇ ಶುರು ಮಾಡಿದಳು, "ಇವತ್ತು ಚಂದ್ರ ನೋಡ್ತಾರ. ನಾಳಿಗೆ ಗಿರಣ್ಯಾಗ ಬ್ಯಾರೆ ಆಳು ಕೂಡ್ತಾನ. ಕಾಲು ಕೊಡ್ರಿ. ಆಗಸ್ಟಿಗೆ ತೊಟಗೊಂಡ ನಿಮ್ಮ ಸ್ಟೇಜಿಗೆ ಬರ್ತಾರ."

"ತೊಟಗೊಂಡ ಬಂದ್ರ ಕಾರ್ಯಕ್ರಮ ಏನುಳೀತವ್ವಾ?" ಅಮರೇಗೌಡ ಎದ್ದು ನಿಂತು, ಮೇಜಿನ ಮುಂದಿನ ಜಾಗವನ್ನೇ ವೇದಿಕೆ ಮಾಡಿಕೊಂಡ. "ಕೇಳಿಲ್ಲಿ. ಮಿಲ್ಟ್ರಿ ಕೋಲು ಊರಕೊಂತ ಸ್ಟೇಜ್ ಹತ್ತತಾನ. ಯೂನಿಫಾರ್ಮ್ ಹಾಕ್ಕೊಂಡು, ಮೆಡಲ್ ಹಾಕ್ಕೊಂಡು. ಸಾವಕಾಶ ಹತ್ತಬೇಕು, ಗಡಿಬಿಡಿ ಬ್ಯಾಡ. ಮುಖ್ಯ ಅತಿಥಿಗಳು ಮೊಣಕಾಲೂರಿ ತಾವ ಕಾಲು ತೊಡಸ್ತಾರ. ಹಿಂದ ದೇಶಭಕ್ತಿ ಹಾಡು. ಆಮ್ಯಾಲ ಇವ ಕೋಲು ಒಗದು ನೆಟ್ಟಗ ನಿಂತು ಸೆಲ್ಯೂಟ್ ಹೊಡೀತಾನ. ಕೋಲು ಎಡಕ್ಕ ಒಗಿ ಮತ್ತ, ಬಲಕ್ಕ ಮೈಕ್ ಇರ್ತೈತಿ. ಹೆಣ್ಮಕ್ಕಳೆಲ್ಲ ಕಣ್ಣೀರು ಹಾಕಬೇಕು ನೋಡು!"

ಅವನ ಕಣ್ಣಲ್ಲಿಯೇ ನೀರು ಬಂದಿತ್ತು. ಸುಳ್ಳು ನೀರಲ್ಲ. ಅದನ್ನು ಕಂಡು ಮಕ್ತುಂಬೀಯ ಮೈ ಉರಿದುಹೋಯಿತು.

ಆದರೆ ಮೊದಲು ಮಾತಾಡಿದ್ದು ಪೀರ್‌ಸಾಬ್. ಅವನು ಮೆಲ್ಲಗೆ, ನೆಲ ನೋಡುತ್ತ ಹೇಳಿದ.

"ಗೌಡ್ರ, ಲಂಕಾದಾಗ ನನ್ನ ಕಾಲು ಹೋದಾಗ ಯಾರೂ ನೋಡಾಕಿರಲಿಲ್ರಿ. ನನ್ನ ಜೋಡಿ ಒಬ್ಬ ಪಂಜಾಬಿ ಸರದಾರ ಇದ್ದ. ತಲಿಗೆ ಸುತ್ತಿದ್ದ ಪಟಗಾ ಬಿಚ್ಚಿ, ಹರದು ನನ್ನ ಕಾಲಿಗೆ ಕಟ್ಟಿದ. ಅವರ ಜಾತ್ಯಾಗ ಮಂದಿ ಮುಂದ ಬರಿ ತಲೀಲೆ ನಿಲ್ಲಬಾರದಂತ. ನಿಂತ. ರಕ್ತ ನಿಲ್ಲೂತನಕ ಬರಿ ತಲೀಲೆ ಕುಂತ. ಫೋಟೋ ತಗಸ್ಕೊಳ್ಳಲಿಲ್ರಿ."

ಅಮರೇಗೌಡ ಕಣ್ಣರಳಿಸಿದ. "ಭೇಷ್! ಇದನ್ನ ಸ್ಟೇಜ್ ಮ್ಯಾಲ ಹೇಳು. ಇದ ಮಾತು, ಹಿಂಗ ಹೇಳು."

ಆಗ ಮಕ್ತುಂಬೀ ನಡೆದಳು. ನಾನಿಯ ಕಥೆಯಲ್ಲಿ ರಾಜಕುಮಾರನಿಗೆ ಹದ್ದಿನ ಬೆನ್ನು ಬೇಕಾಗುತ್ತಿತ್ತು, ಮುದುಕಿಯ ಮಂತ್ರದ ಬೂದಿ ಬೇಕಾಗುತ್ತಿತ್ತು. ಇಲ್ಲಿ ಆರು ಹೆಜ್ಜೆ ಸಾಕಾದವು. ತೆರೆದ ಅಲಮಾರಿಗೆ ಕೈ ಹಾಕಿ ಕಾಲನ್ನು ಎತ್ತಿಕೊಂಡಳು. ಒಣಗಿದ ಮಾಲೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಆದಮ್ಮ ಕಪ್ಪನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.

"ಏಯ್! ಇಡು! ಇಡು ಅದನ್ನ!"

"ಬರ್ರಿ ಗೌಡ್ರ, ಕಸ್ಕೋರಿ ಬರ್ರಿ!" ಅವಳ ದನಿ ಬೀದಿಗೆ ಕೇಳಿಸಿತು. "ಫೋಟೋದವನನ್ನ ಕರೀರಿ. ಹೆಣ್ಮಗಳ ಕೈಯಾಗಿನ ಗಂಡನ ಕಾಲು ಕಸ್ಕೊಳ್ಳೂದನ್ನ ತಗಸ್ರಿ, ಅದನ್ನ ಹಾಕ್ರಿ ಆ ಮೊಳಿಗೆ! ಕಾಲು ಕೇಳಾಕ ಹೋದಲ್ಲೆಲ್ಲ ಶಾಲು ಕೊಟ್ಟೀರಿ. ಶಾಲು ತೊಟಗೊಂಡ ನಡ್ಯಾಕ ಬರ್ತೈತೇನ್ರಿ? ಇವರು ಬಿದ್ರ ಎತ್ತಾಕ ಯಾರೂ ಇಲ್ಲ, ಎದ್ರ ನೋಡಾಕ ಊರಿಗೆ ಊರ ಬೇಕು ನಿಮಗ! ನಾವು ಅಳೂದು ನೋಡಿಲ್ಲೇನು ನೀವು? ಬರ್ರಿ ನಮ್ಮ ಮನಿಗೆ. ದಿನಾ ಅತ್ತೀನಿ, ಟಿಕೇಟಿಲ್ಲ."

"ಸಂಘದ ಸಾಮಾನದು! ಲಿಸ್ಟಿನ್ಯಾಗ ಸಹಿ ಆಗಿಲ್ಲ ಇನ್ನಾ..."

"ಸಾಮಾನಲ್ಲ, ಕಾಲು!"

ಅಮರೇಗೌಡ ಬಾಗಿಲಿಗೆ ಅಡ್ಡ ನಿಂತ. ಅವಳು ಬಾಗಿಲ ಕಡೆ ಹೋಗಲೇ ಇಲ್ಲ. ಅಧ್ಯಕ್ಷರ ಕುರ್ಚಿಯನ್ನು ಎಳೆದು ಗಂಡನ ಹಿಂದೆ ಇಟ್ಟು, "ಕೂಡ್ರಿ" ಎಂದಳು. ಪೀರ್‌ಸಾಬ್ ಒಮ್ಮೆ ಗೌಡನ ಮುಖ ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ. ಯಾರ ಹುಕುಂ ದೊಡ್ಡದೆಂದು ತಿಳಿದವನಂತೆ ಕೂತ.

ಅವಳು ನೆಲದ ಮೇಲೆ ಕೂತು, ಪ್ಯಾಂಟು ಮಡಚಿ, ಮೋಟುಗಾಲನ್ನು ಬಟ್ಟಲಿಗೆ ಇಳಿಸಿದಳು. ಇಳಿಯಿತು. ಬಹಳ ಸಲೀಸಾಗಿ ಇಳಿಯಿತು. ಬಕೀಟಿನಲ್ಲಿ ತಂಬಿಗೆ ಅಲ್ಲಾಡುವ ಹಾಗೆ ಒಳಗೆ ಅಲ್ಲಾಡಿತು. ಪೀರ್‌ಸಾಬ್ ಎದ್ದು ನಿಲ್ಲಲು ನೋಡಿದ. ಕಾಲು ಒಂದು ಕಡೆ ತಿರುಗಿ, ಬೆರಳು ಹೊರಕ್ಕಾಗಿ, ಅವನು ಮೇಜು ಹಿಡಿದುಕೊಂಡ.



"ನೋಡಿದ್ರೇನ್ರಿ?" ಮಕ್ತುಂಬೀ ತಲೆಯೆತ್ತದೆ ಕೇಳಿದಳು. "ತುಂಬಿತ್ತು ಈ ಮೋಟುಗಾಲು. ಬಂದ ದಿನ ಕಾಲು ಕೊಟ್ಟಿದ್ರ ಕೈಗೆ ಬಳಿ ಕೂತಂಗ ಕೂಡ್ತಿತ್ತು. ನೀವು ಜ್ವಾಪಾನ ಇಟ್ರಿ. ಕಾಲು ಅಲಮಾರ್‍ಯಾಗ ಮಿಂಚಿತು, ಇವರು ಮನ್ಯಾಗ ಸೊರಗಿದ್ರು."

ಅಮರೇಗೌಡ ಬಗ್ಗಿ ಆ ಬಟ್ಟಲಿನೊಳಗಿನ ಸಂದನ್ನು ನೋಡಿದ. ಎರಡು ಬೆರಳು ಹೋಗುವಷ್ಟು ಸಂದು. ಏನು ಹೊಳೆಯಿತೋ, ಬಾಗಿಲಿಂದ ಸರಿದು ಕಿಟಕಿಯ ಹತ್ತಿರ ಹೋಗಿ ನಿಂತ. ತಪ್ಪಾಯಿತೆನ್ನುವ ಮಾತೊಂದು ಅವನ ಬಾಯಿಂದ ಬರಲಿಲ್ಲ. ಬಂದದ್ದು ಇದು: "ಮತ್ತ ಜೈಪುರದವರಿಗೆ ಬರಿಯೂನು. ಡಿಸೆಂಬರಿಗೆ ಬ್ಯಾರೆ ಅಳತಿ..."

ಮಕ್ತುಂಬೀ ಕೇಳಿಸಿಕೊಳ್ಳಲಿಲ್ಲ. ಗಂಡನ ಹೆಗಲಿನ ಕೆಂಪು ಶಾಲು ಎಳೆದುಕೊಂಡು, ಅಂಚನ್ನು ಹಲ್ಲಿಗೆ ಕೊಟ್ಟು ಸೀಳಿದಳು. ಸನ್ಮಾನದ ಶಾಲು ಬಲು ತೆಳು. ಒಂದೇ ಎಳೆತಕ್ಕೆ ಉದ್ದಕ್ಕೆ ಹರಿಯಿತು. ಪಟ್ಟಿಯ ಮೇಲೆ ಪಟ್ಟಿ ಸುತ್ತಿದಳು. ಒಂಬತ್ತು ಸುತ್ತು, ಹತ್ತು ಸುತ್ತು. ಆದಮ್ಮ ಬಂದು ಪಕ್ಕದಲ್ಲಿ ಕುಕ್ಕರಿಸಿ ತುದಿ ಹಿಡಿದುಕೊಟ್ಟಳು. ಈ ಸಲ ಮೋಟುಗಾಲು ಬಟ್ಟಲಿಗೆ ಬಿಗಿಯಾಗಿ ಇಳಿದು ಕೂತಿತು. ಪೀರ್‌ಸಾಬ್ ಹಲ್ಲು ಕಚ್ಚಿಕೊಂಡು ಎದ್ದ. ನಿಂತ. ಒಂದು ಹೆಜ್ಜೆ. ಎರಡು.

ಮೂರನೆಯ ಹೆಜ್ಜೆಗೆ ಅವನು ಕೋಲನ್ನು ಅಮರೇಗೌಡನ ಮೇಜಿನ ಮೇಲೆ ಮಲಗಿಸಿದ. ಒಗೆಯಲಿಲ್ಲ. ಸೆಲ್ಯೂಟೂ ಹೊಡೆಯಲಿಲ್ಲ.

"ಇದನ್ನ ಅಲಮಾರ್‍ಯಾಗ ಇಟಗೋರಿ ಗೌಡ್ರ" ಎಂದ. "ಜಾಗಾ ಖಾಲಿ ಆಗೈತಿ."

ಬಳಗಾನೂರಿಗೆ ಬಂದು ಇಳಿದಾಗ ಹೊತ್ತು ಮುಳುಗಿತ್ತು. ಜನ ಮಾಳಿಗೆಗಳ ಮೇಲೆ, ಗಿರಣಿಯ ಕಾಂಪೌಂಡಿನ ಗೋಡೆಯ ಮೇಲೆ ಹತ್ತಿ ಪಡುವಣದ ಕಡೆ ನೋಡುತ್ತಿದ್ದರು. ಯಾರೋ "ಅಲ್ಲೈತಿ, ಅಲ್ಲೈತಿ, ಬೇವಿನ ಗಿಡದ ಬಲಕ್ಕ" ಎಂದು ಕೂಗಿದರು. ಇನ್ನೊಂದು ಕಡೆಯಿಂದ ಮಸೀದಿಯ ಹುಡುಗರ ಕೂಗು. ಉಗುರು ಕತ್ತರಿಸಿ ಒಗೆದಷ್ಟು ಚಂದ್ರ. ಶಿವಶರಣಪ್ಪ ಕೈಮುಗಿದು ಕಣ್ಣು ಬಿಡುವ ಹೊತ್ತಿಗೆ ಗೇಟಿನೊಳಗೆ ಪೀರ್‌ಸಾಬ್ ನಿಂತಿದ್ದ, ಕೋಲಿಲ್ಲದೆ.

"ಮಿಲ್ಟ್ರಿ! ನಾಳಿಗೆ ಪಕೀರಪ್ಪನ ಮಗಗ ಬಾ ಅಂದಿದ್ನಲ್ಲಪಾ..."

"ಚಂದ್ರ ಈಗ ಕಂಡಾನ್ರಿ ಧಣ್ಯಾರ. ಮಾತು ಮುಗದಿಲ್ಲ ಇನ್ನಾ."

ಶಿವಶರಣಪ್ಪ ಅವನ ಪಾದ ನೋಡಿದ. ಬೆರಳು ನೋಡಿದ. ಅಂಗಳದ ಕಡೆ ಕೈ ತೋರಿಸಿದ. ಪೀರ್‌ಸಾಬ್ ನಲ್ಲಿಯ ಹತ್ತಿರ ಹೋಗಿ, ಬಗ್ಗಿ, ಎರಡೂ ಪಾದ ತೊಳೆದ. ಮೊದಲು ಬಲದ್ದು, ಆಮೇಲೆ ರಬ್ಬರಿನದು, ಬೆರಳಸಂದಿಯನ್ನೂ ಬಿಡದೆ. ಗೋಡೆಯ ಮೇಲಿದ್ದವರು ಚಂದ್ರನನ್ನು ಬಿಟ್ಟು ಇವನನ್ನು ನೋಡುತ್ತಿದ್ದರು. ಅವನು ಹರವಿದ ಭತ್ತದ ಮೇಲೆ ಇಳಿದು, ಈ ಮೂಲೆಯಿಂದ ಆ ಮೂಲೆಗೆ ನಡೆದು, ತಿರುಗಿ ಬಂದ. ಹಿಂದೆ ಹೆಜ್ಜೆಯ ಎರಡು ಸಾಲು, ಎಡದ್ದು ಬಲದ್ದಕ್ಕಿಂತ ತುಸು ಆಳ.

"ಮುಂಜಾನಿ ಲಗೂನ ಬಾ. ಆ ಹುಡುಗಗ ಚೀಲ ಹೊಲಿಯೋ ಕಡೆ ಹಾಕ್ತೀನಿ" ಎಂದ ಶಿವಶರಣಪ್ಪ.

ಮನೆಗೆ ಬಂದು ಕಾಲು ಬಿಚ್ಚಿದಾಗ ಕೆಂಪು ಶಾಲಿನ ಪಟ್ಟಿಗಳು ಇನ್ನಷ್ಟು ಕೆಂಪಾಗಿದ್ದವು. ಜರಿಯಂಚಿದ್ದ ಕಡೆಯಲ್ಲೆಲ್ಲ ಚರ್ಮ ತರಚಿತ್ತು. ಪೀರ್‌ಸಾಬ್ "ಏನಿಲ್ಲ ಬಿಡು" ಎಂದು ನಕ್ಕ. ಅವನು ನಗುತ್ತಿದ್ದ, ಮಕ್ತುಂಬೀಗೆ ನಗಲಾಗಲಿಲ್ಲ. ಬೆಚ್ಚಗಿನ ನೀರಲ್ಲಿ ಗಾಯ ಒರೆಸಿ, ಅರಿಷಿಣ ಎಣ್ಣೆ ಹಚ್ಚಿ, ಟ್ರಂಕನ್ನು ಎಳೆದು ಉಳಿದೆರಡು ಶಾಲು ಹೊರತೆಗೆದಳು. ಜಮಾತಿನ ಹಸಿರು. ಯುವಕ ಮಂಡಳಿಯ ಹಳದಿ. ಟ್ರಂಕಿಗೆ ಹಾಕಿದ ಮೇಲೆ ಅವುಗಳ ಮಡಿಕೆ ಬಿಚ್ಚಿರಲಿಲ್ಲ.

ಕತ್ತರಿ ಹಿಡಿದು ಕೂತಳು. ಮೊದಲು ಜರಿಯ ಅಂಚುಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದಳು, ಚುಚ್ಚುತ್ತವೆಂದು.